ಅಲುಗಿದ ಪುತ್ತರಿ ಫೋಟೊ ಸರಿ ಮಾಡಿದ್ದು ಹೀಗೆ

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ, ನಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ಗದ್ದೆ. ದೊಡ್ಡಪ್ಪ ಕದಿರು ಕೊಯ್ಯುವ ಹೊತ್ತಿಗೆ ಸರಿಯಾಗಿ, ವಾಡಿಕೆಯಂತೆ, ಬಂದೂಕು ಹಾರಿತು. ನಾನು ಕ್ಲಿಕ್ ಮಾಡಿದ್ದೂ ಆಗಲೇ. ಸದ್ದಿಗೆ ಮೈ ಬೆಚ್ಚಿ ಕ್ಯಾಮೆರಾ ಅಲುಗಿತು. ಶಟರ್ ಬೇರೆ 1/15 ಸೆಕೆಂಡ್ ತೆರೆದಿರುವಷ್ಟು ನಿಧಾನಕ್ಕಿತ್ತು. ಆದರೆ 'ಪೊಲಿ ಪೊಲಿ ದೇವಾ' (ದೇವರೇ, ಹೆಚ್ಚಾಗಲಿ) ಎಂದು ಕೂಗುತ್ತಿದ್ದ ದೊಡ್ಡಪ್ಪನ ಆ ಮುಖ ಬೇರೆ ಯಾವ ಫೋಟೊದಲ್ಲೂ ಇರಲಿಲ್ಲ. ಬಿಡಲು ಮನಸ್ಸಾಗಲಿಲ್ಲ.

ಮೊದಲು ಫೋಟೊವನ್ನು ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ಕ್ಯಾಮೆರಾ. ಕೈ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಕೈ. ಅದನ್ನು ಹಾಗೇ ಬಿಡಿ, ಕೊಯ್ಯುವ ಕೈ ಅಲ್ವಾ, ಚೆನ್ನಾಗಿಯೇ ಕಾಣುತ್ತದೆ.

ಈಗಲೇ ಫೋಟೊ ಶಾರ್ಪ್ ಮಾಡುವ ಸ್ಲೈಡರ್ ಮುಟ್ಟಬೇಡಿ. ಫೋಟೊದಲ್ಲಿ ಒಂದು ಸಣ್ಣ ದೀಪ ಹುಡುಕಿ. ನನ್ನ ಫೋಟೊದಲ್ಲಿ ಗದ್ದೆಯಾಚೆಯ ಮನೆಯ ಬಲ್ಬ್ ಚುಕ್ಕಿಯಾಗಿ ಕಾಣಬೇಕಿತ್ತು, ಓರೆ ಗೆರೆಯಾಗಿತ್ತು. ನಿಮ್ಮ ಕೈ ಎತ್ತ ಹೋಯಿತು, ಎಷ್ಟು ಹೋಯಿತು ಎಂಬುದು ಆ ಗೆರೆಯಲ್ಲೇ ಇದೆ. ಫೋಟೊದ ಪ್ರತಿ ಚುಕ್ಕಿಯೂ ಅದೇ ಗೆರೆಯಷ್ಟು ಹರಡಿರುತ್ತದೆ. ಹರಡಿದ್ದನ್ನು ಲೆಕ್ಕ ಹಾಕಿ ಮತ್ತೆ ಒಂದೆಡೆ ಸೇರಿಸುವುದಕ್ಕೆ ಡೀಕನ್ವಲ್ಯೂಷನ್ ಎನ್ನುತ್ತಾರೆ. ಇದರ ಒಂದು ಹೆಸರಾಂತ ವಿಧಾನವನ್ನು ವಿಜ್ಞಾನಿಗಳಾದ ರಿಚರ್ಡ್‌ಸನ್ 1972ರಲ್ಲಿ, ಲೂಸಿ 1974ರಲ್ಲಿ ಬೇರೆ ಬೇರೆಯಾಗಿ ಬರೆದರು. ಆಕಾಶದ ಚಿತ್ರಗಳಿಗೂ ಅದನ್ನು ಬಳಸುತ್ತಾರೆ.

ಫೋಟೊಶಾಪ್‌ನ ರೂಲರ್ ಟೂಲನ್ನು ಆ ದೀಪದ ಗೆರೆಯ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯಿರಿ. ಕೋನ ಮೇಲೆ ಕಾಣುತ್ತದೆ. ನನಗೆ 38 ಡಿಗ್ರಿ ಬಂತು. ಲೇಯರ್‌ನ ಒಂದು ನಕಲು ಮಾಡಿ, ಫಿಲ್ಟರ್ ಮೆನುವಿನ ಶಾರ್ಪನ್‌ನಲ್ಲಿ ಸ್ಮಾರ್ಟ್ ಶಾರ್ಪನ್ ತೆರೆಯಿರಿ. 'ರಿಮೂವ್' ಎಂಬಲ್ಲಿ ಮೋಷನ್ ಬ್ಲರ್ ಆರಿಸಿ, ಆ ಕೋನ ಕೊಡಿ. ರೇಡಿಯಸ್ 2ರಿಂದ ಶುರು ಮಾಡಿ ಮೆಲ್ಲಗೆ ಏರಿಸಿ. ನಾನು 6ಕ್ಕೆ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಮಾಡಿದರೆ ದೊಡ್ಡಪ್ಪನ ಕಪ್ಪು ಕುಪ್ಯದ (ಕೊಡವರ ಉದ್ದ ಕೋಟು) ಅಂಚಿಗೆ ಬಿಳಿ ಗೆರೆ ಬರುತ್ತಿತ್ತು. ಕತ್ತಲೆಯ ಫೋಟೊದಲ್ಲಿ ಕಾಳು ಕಾಳು ಇದ್ದೇ ಇರುತ್ತದೆ, ಅದೂ ಎದ್ದು ಕಾಣುತ್ತದೆ. ಹಾಗಾಗಿ ರೆಡ್ಯೂಸ್ ನಾಯ್ಸ್ ಸ್ವಲ್ಪ ಏರಿಸಿ. ಲೇಯರ್‌ಗೆ ಮಾಸ್ಕ್ (ಬೇಡದ ಜಾಗ ಮರೆಮಾಡುವ ಪದರ) ಹಾಕಿ, ಕಪ್ಪು ಬ್ರಷ್‌ನಿಂದ ಆಕಾಶದ ಮೇಲೆ ಒರೆಸಿ. ಮುಖ, ಕದಿರು, ಸೊಂಟದ ಪೀಚೆಕತ್ತಿಯ (ಕೊಡವರ ಕಿರುಗತ್ತಿ) ಬೆಳ್ಳಿ, ಇಷ್ಟರ ಮೇಲೆ ಫಿಲ್ಟರ್ ಉಳಿದರೆ ಸಾಕು.

ದೀಪದ ಗೆರೆ ನೇರವಾಗಿಲ್ಲದೆ ಕೊಕ್ಕೆಯ ಹಾಗೆ ಬಾಗಿದ್ದರೆ ಒಂದೇ ಕೋನದಿಂದ ಕೆಲಸ ಆಗುವುದಿಲ್ಲ. ಆಗ ಎಐ ಟೂಲ್ ನೆನಪಾಗುತ್ತದೆ. ನಾನೂ ಒಂದನ್ನು ನೋಡಿದೆ. ಮುಖ ಫಳಫಳ ಹೊಳೆಯಿತು, ಆದರೆ ಅದು ದೊಡ್ಡಪ್ಪನ ಮುಖವಲ್ಲ. ಇಲ್ಲದ ವಿವರವನ್ನು ಅದು ಊಹಿಸಿ ಬರೆಯುತ್ತದೆ. ಮನೆಯವರ ಫೋಟೊಗೆ ನಾನಂತೂ ಬಳಸುವುದಿಲ್ಲ. ಅಂಥ ಫೋಟೊವನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ಅಲುಗಿದ್ದು ಅಷ್ಟಾಗಿ ಕಾಣುವುದಿಲ್ಲ.

ಮುಂದಿನ ಪುತ್ತರಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆ) ಏರಿಸಿ ಶಟರನ್ನು 1/125 ಸೆಕೆಂಡಿಗಾದರೂ ತನ್ನಿ. ಒಂದರ ಹಿಂದೆ ಒಂದು ಫೋಟೊ ತೆಗೆಯುವ ಬರ್ಸ್ಟ್ ಮೋಡ್‌ನಲ್ಲಿಟ್ಟು, ಗುಂಡು ಹಾರಿದ ಮೇಲೂ ಬಟನ್ ಒತ್ತಿಯೇ ಇರಿ.