ಗ್ಯಾಸ್ ಮೂಸಿದರೆ ಹೊರಗೆ ಓಡಿ!

ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಕೂತು ಇಂಗ್ಲಿಷಿನಿಂದ ಸ್ಲೋವಾಕ್‌ಗೆ ಸಣ್ಣಪುಟ್ಟ ಅನುವಾದ ಮಾಡುತ್ತೇನೆ. ಮಧ್ಯೆ ಕನ್ನಡ ಇಟ್ಟುಕೊಳ್ಳುತ್ತೇನೆ ಅಂದಾಗ ಜೊತೆಯವರು ನಕ್ಕರು. ಎರಡರಲ್ಲೇ ಗೊಂದಲ, ಮೂರನೆಯದು ಯಾಕೆ ಅಂತ. ಈಗ ಅವರೇ ನನ್ನ ಕನ್ನಡ-ಸ್ಲೋವಾಕ್ ಪದಗಳ ಪಟ್ಟಿ ಕೇಳುತ್ತಾರೆ.

ಮೊದಲು ಕೈ ಸುಟ್ಟಿದ್ದು ಬಾಯ್ಲರ್ ಕೈಪಿಡಿಯಲ್ಲಿ. ಗ್ಯಾಸ್ ವಾಸನೆ ಬಂದರೆ ಅನ್ನುವಲ್ಲಿ ಇಂಗ್ಲಿಷಿನ 'ಸ್ಮೆಲ್' ಇತ್ತು. ನಾನು 'ವೊನ್ಯತ್' ಹಾಕಿದೆ. ಅದು ಬೇಕಂತಲೇ ಮೂಸುವುದು, ಹೂವು ಮೂಸಿದ ಹಾಗೆ! ಬೇಕಿದ್ದದ್ದು 'ಜತ್ಸೀತಿತ್', ಅಂದರೆ ವಾಸನೆ ಬಂದದ್ದು ಗೊತ್ತಾಗುವುದು. 180 ಯೂರೋ ಕೆಲಸಕ್ಕೆ ಕೈಗೆ ಬಂದದ್ದು ನೂರು ಚಿಲ್ಲರೆ. ಆಮೇಲೆ ಒಬ್ಬ ಬಾಡಿಗೆದಾರರ ದೂರಿನ ಪತ್ರ. ನೆಲಮಾಳಿಗೆ ನಾರುತ್ತಿದೆ ಅನ್ನುವುದಕ್ಕೆ 'ವೊನ್ಯಾ' ಅಂತ ಬರೆದೆ. ಅಂದರೆ ಘಮಘಮ ಅಂತಿದೆ ಅಂತ. ದುಡ್ಡು ಕೇಳೋಕೂ ಮುಖ ಇರಲಿಲ್ಲ.

ಆಗ ನಿಘಂಟು ಮುಚ್ಚಿಟ್ಟೆ. ಪ್ರತಿ ವಾಕ್ಯವನ್ನೂ ಮೊದಲು ಮನೆಮಾತಲ್ಲಿ ಹೇಳಿಕೊಳ್ಳತೊಡಗಿದೆ. 'ಮೂಸಿ ನೋಡು' ಅಂತ ಬಂದರೆ 'ವೊನ್ಯತ್', 'ರುಚಿ ನೋಡು' ಅಂತ ಬಂದರೆ 'ಒಖುತ್ನತ್'. 'ವಾಸನೆ ಬಂತು' ಅಂದರೆ 'ತ್ಸೀತಿತ್' ಅಥವಾ 'ಜತ್ಸೀತಿತ್'. ಘಮ ಆದರೆ 'ವೊನ್ಯಾ', ನಾತ ಆದರೆ 'ಸ್ಮರ್ದೀ'. ಇಂಗ್ಲಿಷಿನ ಒಂದೇ 'ಸ್ಮೆಲ್' ವಾಸನೆಯ ಇಷ್ಟೂ ಅರ್ಥಕ್ಕೆ ದುಡಿಯುತ್ತದೆ, ಪಾಪ. 'ನನಗೆ ರುಚಿಸುತ್ತದೆ' ಅನ್ನುವುದು 'ಖುತೀ ಮಿ'. 'ಮಿ' ಅಂದರೆ 'ನನಗೆ', ಅದು ಕೂಡ ನಮ್ಮ ಹಾಗೇ ಇದೆ, ನೋಡಿ! ಕೇಳಿಸುವುದು 'ಪೊಚುತ್', ಕಿವಿಗೊಟ್ಟು ಕೇಳುವುದು 'ಪೊಚೂವತ್'. ನಾವು ಹಾಡು ಕೇಳಿದಂತೆ ಅಲ್ಲೂ ನೇರವಾಗಿ ಕೇಳುತ್ತಾರೆ, ಇಂಗ್ಲಿಷಿನ 'ಲಿಸನ್ ಟು'ದಲ್ಲಿರುವ 'ಟು' ಬೇಡ.

ಕಣ್ಣಿನ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಟ್ಟಿತು. 'ನನಗೆ ಕಾಣಿಸುತ್ತದೆ' ಅಂತ ಅಲ್ಲಿಗೂ 'ಮಿ' ತುರುಕಿದೆ. ಸ್ಲೋವಾಕ್‌ನಲ್ಲಿ ಅದು ಬರೀ 'ವಿದೀಮ್', ಅಂದರೆ ನಾನು ಕಾಣುತ್ತೇನೆ. ಎರಡು ವಾರದ ತಿದ್ದುಪಡಿ, ಬಿಟ್ಟಿ ಕೆಲಸ.

ನಡುವೆ ಒಂದು ಚೇಷ್ಟೆಯನ್ನೂ ಮಾಡಿದೆ. ಪಕ್ಕದ ಮನೆಯ ಅಜ್ಜಿಗೆ ಇಂಗಿನ ಡಬ್ಬಿ ತೆರೆದು ತೋರಿಸಿದೆ. 'ಸ್ಮರ್ದೀ!' ಅಂತ ಮೂಗು ಮುಚ್ಚಿಕೊಂಡರು. ಅದೇ ಇಂಗನ್ನು ತುಪ್ಪದ ಒಗ್ಗರಣೆಗೆ ಹಾಕಿದಾಗ ಬಾಗಿಲಿಗೇ ಬಂದು 'ವೊನ್ಯಾ' ಅಂದರು. ಸಾರು ಎರಡು ಬಟ್ಟಲು ಖಾಲಿ.

ಕಳೆದ ವರ್ಷ ಅಂಥದ್ದೇ ಕೈಪಿಡಿ, 230 ಯೂರೋ ಆಸುಪಾಸಿನದು, ಒಂದು ತಿದ್ದುಪಡಿಯೂ ಇಲ್ಲದೆ ದುಡ್ಡು ಪೂರ್ತಿ ಬಂತು. 'ಫೀಲ್'ಗೆ ಬೇರೆ ಉಪಾಯ ಇದೆ, ನಾಲ್ಕು ಪ್ರಶ್ನೆಗಳದು. ಅದನ್ನು ಸುಮ್ನೆ ಕೊಡಲ್ಲ. ಹೊಟ್ಟೆಪಾಡು ಅಲ್ವಾ?