ಬೇಳೆ ಬೇಯದ ನೀರಿಗೆ ಯಾವ ಮೀನು?

ಕೋಲಾರದ ನಮ್ಮ ಬೀದಿಯ ಮನೆಯೊಂದಕ್ಕೆ ಕಳೆದ ಡಿಸೆಂಬರಿನಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು ಒಂದೂವರೆ ಅಡಿ ಉದ್ದದ ಅಕ್ವೇರಿಯಂ ಬಂತು. ಅದರಲ್ಲಿ ಎರಡು ಗೋಲ್ಡ್ ಫಿಶ್, ಒಂದು ಜೊತೆ ಗಪ್ಪಿ, ಒಂದು ಜೊತೆ ಟೈಗರ್ ಬಾರ್ಬ್, ಒಂದು ಫೈಟರ್ ಮತ್ತು ಪಾಚಿ ತಿನ್ನಲೆಂದು ಒಂದು ಸಕ್ಕರ್ ಇದ್ದವು. ನಾಲ್ಕನೆಯ ದಿನ ನಾನು ನೋಡಿದಾಗ ಗಂಡು ಗಪ್ಪಿಯ ಬಾಲದ ಬಣ್ಣದ ಪೊರೆಯೆಲ್ಲ ಹೋಗಿ, ಬಾಚಣಿಗೆಯ ಹಲ್ಲಿನಂತೆ ಕಡ್ಡಿಗಳು ಮಾತ್ರ ಉಳಿದಿದ್ದವು. ಫೈಟರ್ ತಣ್ಣನೆಯ ನೀರಿನಲ್ಲಿ ಪ್ಲಾಸ್ಟಿಕ್ ಗಿಡದ ಹಿಂದೆ ರೆಕ್ಕೆ ಮುದುರಿಕೊಂಡಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಸಕ್ಕರ್ ಒಂದೇ ಬದುಕುಳಿಯಿತು. ಆ ಮನೆಯವರು ಅಳತೆಯಿಂದ ಆಹಾರ ಹಾಕಿದ್ದರು, ಹೇಳಿದ ದಿನ ನೀರು ಬದಲಿಸಿದ್ದರು. ಆದರೆ ಒಂದೇ ತೊಟ್ಟಿಯಲ್ಲಿ ಬಾಳಲಾರದ ಐದು ಜಾತಿಗಳನ್ನು ಅವರಿಗೆ ಒಟ್ಟಿಗೆ ಮಾರಲಾಗಿತ್ತು. ಇಂಥದ್ದನ್ನು ಚಿಂತಾಮಣಿಯಲ್ಲಿ, ಶಿರಾದಲ್ಲಿ, ತುಮಕೂರಿನಲ್ಲಿ ಬಂಧುಗಳ ಮನೆಗಳಲ್ಲೂ ಕಂಡಿರುವುದರಿಂದ ನಮ್ಮ ನೀರಿಗೆ ಒಗ್ಗುವ, ಒಟ್ಟಿಗೆ ಬಾಳುವ ಮೀನುಗಳನ್ನು ಆಯ್ದುಕೊಳ್ಳುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ನೀರು

ಮೀನುಗಳ ಹೊಂದಾಣಿಕೆ ಎಂದರೆ ಯಾವುದು ಯಾವುದನ್ನು ಕಚ್ಚುವುದಿಲ್ಲ ಎಂಬ ಲೆಕ್ಕ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆ ಲೆಕ್ಕ ಬರುವುದು ಮೂರನೆಯದಾಗಿ. ಮೊದಲನೆಯದು ನೀರಿನ ಗಡಸುತನ, ಎರಡನೆಯದು ಚಳಿಗಾಲದಲ್ಲಿ ಆ ನೀರು ಎಷ್ಟು ತಣ್ಣಗಾಗುತ್ತದೆ ಎಂಬುದು. ಈ ಎರಡನ್ನು ತಿಳಿಯದೆ ಅಂಗಡಿಗೆ ಹೋಗಲೇಬಾರದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರೂ ಜಿಲ್ಲೆಗಳಲ್ಲಿ ಹೆಚ್ಚಿನ ಮನೆಗಳಿಗೆ ಬರುವುದು ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿಗಿಂತ ಆಳದಿಂದ ಬರುವ ನೀರೂ ಉಂಟು. ಬೇಳೆ ಬೇಗ ಬೇಯದಿದ್ದರೆ, ಸೋಪು ನೊರೆ ಬಾರದಿದ್ದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಇಷ್ಟರಿಂದ ಅಂದಾಜು ಸಿಗುತ್ತದೆ. ಅಳತೆ ಬೇಕಾದರೆ ಹನಿ ಹಾಕಿ ಬಣ್ಣ ನೋಡುವ ಗಡಸುತನದ ಕಿಟ್ ತರಿಸಿಕೊಳ್ಳಿ. ಎಲ್ಲರ ಮನೆಯಲ್ಲಿರುವ ಟಿಡಿಎಸ್ ಮೀಟರನ್ನು ಇದಕ್ಕೆ ನಂಬಬೇಡಿ, ಏಕೆಂದರೆ ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆ, ಆದರೆ ಗಡಸುತನಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮನೆಗೆ ಸಾಫ್ಟ್‌ನರ್ ಹಾಕಿಸಿದ್ದರೆ ಅದಕ್ಕೆ ಹೋಗುವ ಮೊದಲಿನ ನೀರನ್ನೇ ಹಿಡಿದುಕೊಳ್ಳಿ; ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಅದು ಮೀನಿಗೆ ಒಳ್ಳೆಯದಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಮೀನಿನ ಲೆಕ್ಕ ಬೇರೆ. ನಿಯಾನ್ ಟೆಟ್ರಾ, ಏಂಜಲ್ ಮೊದಲಾದವು ಅಮೆಜಾನ್ ನದೀ ಪ್ರದೇಶದವು. ಅವುಗಳ ಮೂಲ ನೀರು ಬಹಳ ಮೆದು. ಅಲ್ಲಿಂದ ಬಂದ ನಿಯಾನನ್ನು 400 ಮಿಲಿಗ್ರಾಂ ಗಡಸುತನದ ನೀರಿಗೆ ಹಾಕಿದರೆ ಅದು ತಕ್ಷಣ ಸಾಯದೆ, ಬಣ್ಣ ಮಾಸಿ, ತಿನ್ನುವುದು ಕಡಿಮೆಯಾಗಿ, ಕೆಲವು ವಾರಗಳಲ್ಲಿ ಒಂದೊಂದಾಗಿ ಹೋಗುತ್ತದೆ. ಮನೆಯವರು ರೋಗವೆಂದು ಔಷಧಿ ಸುರಿಯುತ್ತಾರೆ. ಗಪ್ಪಿ, ಪ್ಲಾಟಿ, ಮೋಲಿ ಎಂಬ ಮರಿ ಹಾಕುವ ಮೀನುಗಳು ಇದಕ್ಕೆ ತದ್ವಿರುದ್ಧ: 150ರಿಂದ 400 ಮಿಲಿಗ್ರಾಂವರೆಗಿನ ಗಡಸು ನೀರು ಅವುಗಳಿಗೆ ಹಿತ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಸೊಳ್ಳೆಯ ಮರಿಹುಳು ತಿನ್ನಲೆಂದು ಬಾವಿಗಳಿಗೆ ಬಿಟ್ಟ ಮೀನುಗಳಲ್ಲಿ ಗಪ್ಪಿಯೂ ಒಂದು. ನಮ್ಮ ನೀರಿಗೆ ಅದು ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ಮೀನಿಗೆ ಶುದ್ಧ ನೀರೇ ಬೇಕೆಂದು ಪ್ರೀತಿಯಿಂದ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಆರ್‌ಒ ನೀರು ತಂದು ತೊಟ್ಟಿ ತುಂಬುತ್ತಾರೆ. ಆ ನೀರಿನಲ್ಲಿ ಖನಿಜಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆಯನ್ನು, ಸ್ಥಿರವಾಗಿ ಹಿಡಿದಿಡುವ ಕಾರ್ಬೊನೇಟ್ ಕೂಡ ಇಲ್ಲದ ಕಾರಣ, ಮೀನಿನ ಹೊಲಸು ಸೇರುತ್ತಾ ಹೋದಂತೆ ಪಿಎಚ್ ಥಟ್ಟನೆ ಕುಸಿಯಬಹುದು. ಅಂಥ ನೀರಿಗೆ ಬಿಟ್ಟ ಮೋಲಿಯನ್ನು ಒಮ್ಮೆ ಗಮನಿಸಿದರೆ ಮರೆಯಲಾಗದು: ಅದು ಮುಂದಕ್ಕೆ ಚಲಿಸದೆ, ನಿಂತಲ್ಲೇ ನಿಂತು, ಚಳಿಗೆ ನಡುಗುವವರಂತೆ ತಲೆಯಿಂದ ಬಾಲದವರೆಗೆ ಮೈಯನ್ನು ಅತ್ತಿತ್ತ ತೊನೆಯುತ್ತಿರುತ್ತದೆ. ಬರೀ ಆರ್‌ಒ ನೀರನ್ನು ಎಂದೂ ಬಳಸಬೇಡಿ. ನಿಮ್ಮ ಬೋರ್‌ವೆಲ್ ನೀರು 500 ಮಿಲಿಗ್ರಾಂ ದಾಟಿದ್ದರೆ ಮಾತ್ರ ಒಂದು ಬಕೆಟ್‌ಗೆ ಒಂದು ಬಕೆಟ್‌ನಂತೆ ಆರ್‌ಒ ನೀರು ಬೆರೆಸಿ. ಗಡಸುತನ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಗಪ್ಪಿಗೂ ಪ್ಲಾಟಿಗೂ ಅದು ಸಾಕು. ಬೆರಕೆಯ ಪ್ರಮಾಣವನ್ನು ಪ್ರತಿ ಬಾರಿ ನೀರು ಬದಲಿಸುವಾಗಲೂ ಹಾಗೆಯೇ ಉಳಿಸಿಕೊಳ್ಳಬೇಕು.

ತುಮಕೂರು ನಗರದಲ್ಲಿ ಬುಗುಡನಹಳ್ಳಿಯಿಂದ ಹೇಮಾವತಿ ನೀರು ಪಡೆಯುವ ಮನೆಗಳವರ ಸ್ಥಿತಿ ಸ್ವಲ್ಪ ಬೇರೆ. ನದಿಯ ನೀರು ಸಾಮಾನ್ಯವಾಗಿ ಬೋರ್‌ವೆಲ್ ನೀರಿಗಿಂತ ಮೆದುವಾಗಿರುತ್ತದೆ. ಆದರೆ ಅನೇಕ ಮನೆಗಳ ಸಂಪಿನಲ್ಲಿ ಹೇಮಾವತಿಯೂ ಬೋರ್‌ವೆಲ್ಲೂ ಕೂಡಿರುತ್ತವೆ. ಒಂದು ವಾರ ಒಂದು ಬಗೆ, ಇನ್ನೊಂದು ವಾರ ಇನ್ನೊಂದು ಬಗೆ. ಹೀಗೆ ಏರಿಳಿಯುವ ನೀರಿನಲ್ಲಿ ಟೆಟ್ರಾ ಸಾಕಲು ಹೋಗಬೇಡಿ. ನಲ್ಲಿಯ ನೀರನ್ನು ಗಾಳಿಕಲ್ಲು (ಏರ್ ಪಂಪಿನ ಕೊಳವೆಯ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ಬೋರ್‌ವೆಲ್ ನೀರಿಗೂ ಅದೇ ಒಂದು ದಿನದ ಗಾಳಿ ಬೇಕು, ಏಕೆಂದರೆ ಆಗತಾನೆ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು.

ತೊಟ್ಟಿ ಮತ್ತು ಚಳಿ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಗಿಂತ ಚಿಕ್ಕದನ್ನು ಕೊಳ್ಳಬೇಡಿ. ಲೆಕ್ಕಕ್ಕೆ ಅದು ಸುಮಾರು 56 ಲೀಟರ್. ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ದುಂಡು ಗಾಜಿನ ಬೋಗುಣಿ ಯಾವ ಮೀನಿಗೂ ಆಗದು. ಬಿಸಿಲು ಬೀಳದ ಗಟ್ಟಿ ಮೇಜಿನ ಮೇಲೆ ತೊಟ್ಟಿ ಇಡಿ, ತೊಳೆದ ಜಲ್ಲಿ ಹಾಕಿ, ನೀರು ತುಂಬಿ, ಏರ್ ಪಂಪಿಗೆ ಸ್ಪಂಜ್ ಫಿಲ್ಟರ್ ಜೋಡಿಸಿ, ಮುಚ್ಚಳ ಹಾಕಿ.

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೋಲಾರ, ತುಮಕೂರುಗಳೂ 800 ಮೀಟರಿನ ಆಸುಪಾಸಿನವು. ಡಿಸೆಂಬರ್, ಜನವರಿಯ ಇರುಳಿನಲ್ಲಿ ಸಣ್ಣ ತೊಟ್ಟಿಯ ನೀರು 20 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ಥಾಯ್ಲೆಂಡ್ ಮೂಲದ ಫೈಟರಿಗೆ 24ರಿಂದ 28 ಡಿಗ್ರಿ ಬೇಕು, ಏಂಜಲ್ಲಿಗೂ ಅಷ್ಟೇ. ಗೋಲ್ಡ್ ಫಿಶ್‌ಗೆ 18ರಿಂದ 22 ಡಿಗ್ರಿಯೇ ಇಷ್ಟ. ಇವುಗಳನ್ನು ಒಂದೇ ನೀರಿನಲ್ಲಿ ಇಟ್ಟರೆ ವರ್ಷದ ಒಂದಲ್ಲ ಒಂದು ಕಾಲದಲ್ಲಿ ಯಾವುದೋ ಒಂದಕ್ಕೆ ಕಷ್ಟವಾಗುತ್ತದೆ. 50 ವಾಟಿನ ಥರ್ಮೋಸ್ಟಾಟ್ ಹೀಟರ್ ತಂದು 24 ಡಿಗ್ರಿಗೆ ಇಡುವುದು ನನ್ನ ಸಲಹೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಹೀಟರ್ ತೊಟ್ಟಿಯನ್ನೇ ಬೇಯಿಸಿಬಿಡುತ್ತದೆ, ಅದನ್ನು ಮುಟ್ಟಬೇಡಿ. ಕರೆಂಟಿನ ಭರವಸೆಯಿಲ್ಲದ ಊರಾದರೆ 20 ಡಿಗ್ರಿಯನ್ನೂ ತಾಳಿಕೊಳ್ಳುವ ಪ್ಲಾಟಿ ಮತ್ತು ಜೀಬ್ರಾ ಡ್ಯಾನಿಯೊಗಳಿಗೆ ಸೀಮಿತವಾಗಿರಿ.

ಇಷ್ಟಾದ ಮೇಲೆ ಕಾಯಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬಂದರೆ ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ಸಿಗುತ್ತದೆ. ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾದ ವಿಷ ಹೆಚ್ಚು. ನಮ್ಮ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುವುದರಿಂದ ಈ ಕಾಯುವಿಕೆಯನ್ನು ತಪ್ಪಿಸುವಂತಿಲ್ಲ. ಅಂಗಡಿಯವರು ಉಚಿತವಾಗಿ ಕೊಡುವ ನೀಲಿ ದ್ರಾವಣ ಮೆಥಿಲೀನ್ ಬ್ಲೂ. ಅದನ್ನು ತೊಟ್ಟಿಗೆ ಸುರಿದರೆ ಇದೇ ಬ್ಯಾಕ್ಟೀರಿಯಾ ಸಾಯುತ್ತದೆ. ಒಂದು ಸುಲಭದ ದಾರಿ ಮಾತ್ರ ಇದೆ: ಆರೋಗ್ಯವಾಗಿ ನಡೆಯುತ್ತಿರುವ ಸ್ನೇಹಿತರ ತೊಟ್ಟಿಯಿಂದ ಹಳೆಯ ಸ್ಪಂಜೊಂದನ್ನು ಒಣಗದಂತೆ ನೀರಿನಲ್ಲೇ ತಂದು ನಿಮ್ಮ ಫಿಲ್ಟರಿನ ಪಕ್ಕಕ್ಕೆ ಇಡುವುದು.

ಅಂಗಡಿಯಲ್ಲಿ ಬೇಡ ಎನ್ನಬೇಕಾದವು

ಅಂಗಡಿಯ ಮೀನುಗಳು ಮರಿಗಳು. ಎರಡು ಇಂಚಿನ ಸಕ್ಕರ್ ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಶಾರ್ಕ್ ಎಂದು ಮಾರುವ ಬೂದು ಬಣ್ಣದ ಚುರುಕು ಮೀನು ಪಂಗಾಸಿಯಸ್, ಕೊಳಗಳಲ್ಲಿ ಆಹಾರಕ್ಕಾಗಿ ಸಾಕುವ ಜಾತಿ. ಅದು ಮೂರು ಅಡಿ ದಾಟಬಲ್ಲದು. ಗೋಲ್ಡ್ ಫಿಶ್ ಆರೇಳು ಇಂಚು ಆಗುತ್ತದೆ, ಹೊಲಸೂ ಬಹಳ. ಆಸ್ಕರ್ ತನ್ನ ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡುವುದಿಲ್ಲ. ಏಂಜಲ್ ಶಾಂತವಾಗಿ ಕಂಡರೂ ದೊಡ್ಡದಾದ ಮೇಲೆ ನಿಯಾನ್ ಗಾತ್ರದ ಮೀನುಗಳನ್ನು ನುಂಗುತ್ತದೆ. ಟೈಗರ್ ಬಾರ್ಬ್ ಉದ್ದ ಬಾಲದ ಮೀನುಗಳ ಬಾಲ ಕಚ್ಚುತ್ತದೆ, ಅದರಲ್ಲೂ ಗುಂಪಿಲ್ಲದೆ ಎರಡೇ ಇದ್ದರೆ ಇನ್ನೂ ಹೆಚ್ಚು. ಗಂಡು ಫೈಟರ್ ಬಣ್ಣದ ಬಾಲದ ಗಪ್ಪಿಯನ್ನು ತನ್ನ ಎದುರಾಳಿಯೆಂದು ಭಾವಿಸಿ ಮೇಲೆ ಬೀಳುವುದುಂಟು. ಫೈಟರ್ ಬೇಕೇ ಬೇಕೆಂದರೆ ಅದೊಂದನ್ನೇ ಹೀಟರ್ ಇರುವ ಪ್ರತ್ಯೇಕ ತೊಟ್ಟಿಯಲ್ಲಿ ಸಾಕಿ. ಕಣ್ಣು ಕುಕ್ಕುವ ಗುಲಾಬಿ, ಹಸಿರು ಗೆರೆಗಳ ಗಾಜಿನಂಥ ಮೀನುಗಳಿಗೆ ಸೂಜಿಯಿಂದ ಬಣ್ಣ ಚುಚ್ಚಿರುತ್ತಾರೆ. ದಯವಿಟ್ಟು ಅವುಗಳನ್ನು ಕೊಳ್ಳಬೇಡಿ. ಬೆನ್ನು ಬಾಗಿಸಿ ಹೊಟ್ಟೆ ಉಬ್ಬುವಂತೆ ತಳಿ ಮಾಡಿದ ಬಲೂನ್ ಮೋಲಿಯನ್ನೂ ನಾನು ಯಾರಿಗೂ ಹೇಳುವುದಿಲ್ಲ.

ಜೊತೆ ಲೆಕ್ಕದಲ್ಲಿ ಕೊಳ್ಳಬೇಡಿ

ನಮ್ಮ ಕಡೆ ಮೀನನ್ನು ಜೊತೆ ಲೆಕ್ಕದಲ್ಲಿ ಮಾರುತ್ತಾರೆ, ಮತ್ತು ಅನೇಕ ತೊಂದರೆಗಳು ಅಲ್ಲಿಂದಲೇ ಶುರುವಾಗುತ್ತವೆ. ಜೀಬ್ರಾ ಡ್ಯಾನಿಯೊ ಗುಂಪಿನ ಮೀನು. ಆರಾದರೂ ಇದ್ದರೆ ಅವು ತಮ್ಮತಮ್ಮಲ್ಲೇ ಓಡಾಡಿಕೊಂಡು ಉಳಿದವುಗಳ ತಂಟೆಗೆ ಹೋಗುವುದಿಲ್ಲ, ಎರಡೇ ಇದ್ದರೆ ಒಂದು ಇನ್ನೊಂದನ್ನು ದಿನವಿಡೀ ಅಟ್ಟುತ್ತದೆ. ಗಪ್ಪಿ, ಪ್ಲಾಟಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಎಂಬ ಜೊತೆ ಹೆಣ್ಣಿಗೆ ಹಿಂಸೆ, ಏಕೆಂದರೆ ಗಂಡು ಬಿಡುವಿಲ್ಲದೆ ಬೆನ್ನು ಹತ್ತುತ್ತದೆ. ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಇರಲಿ, ಇಲ್ಲವೇ ಎಲ್ಲವೂ ಗಂಡೇ ಇರಲಿ.

ಗಂಡು ಹೆಣ್ಣು ಗುರುತಿಸಲು ಅಂಗಡಿಯವರನ್ನು ಕೇಳುವುದಕ್ಕಿಂತ ನೀವೇ ನೋಡಿ. ಪ್ಲಾಟಿ ಗಾಜಿನ ಹತ್ತಿರ ಪಕ್ಕಕ್ಕೆ ತಿರುಗಿದಾಗ ಹೊಟ್ಟೆಯ ಕೆಳಗೆ, ಬಾಲಕ್ಕಿಂತ ಸ್ವಲ್ಪ ಮುಂದೆ ಇರುವ ಒಂಟಿ ರೆಕ್ಕೆಯನ್ನು ಗಮನಿಸಿ. ಹೆಣ್ಣಿನಲ್ಲಿ ಅದು ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಗಂಡಿನಲ್ಲಿ ಕಡ್ಡಿಯಂತೆ ಸಣ್ಣಗಾಗಿ, ಮೈಗೆ ಅಂಟಿಕೊಂಡು ಹಿಂದಕ್ಕೆ ಚಾಚಿರುತ್ತದೆ. ಮೀನು ನಿಲ್ಲುವುದಿಲ್ಲವಾದ್ದರಿಂದ ಒಂದೇ ಮೀನನ್ನು ಕಣ್ಣಿನಲ್ಲಿ ಹಿಡಿದು ಮೂರು ನಾಲ್ಕು ಬಾರಿ ನೋಡಿ ಖಚಿತಪಡಿಸಿಕೊಳ್ಳಿ, ಅವಸರ ಮಾಡಬೇಡಿ. ಗಪ್ಪಿಯಲ್ಲಿ ಬಣ್ಣವೇ ಹೇಳುತ್ತದೆ: ಗಂಡು ಚಿಕ್ಕದು, ಬಣ್ಣ ಬಣ್ಣದ್ದು, ಹೆಣ್ಣು ದಪ್ಪ, ಮಾಸಲು. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ಒಳಗೇ ಉಳಿಸಿಕೊಂಡು, ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕುತ್ತದೆ. ಆದ್ದರಿಂದ ಬರೀ ಹೆಣ್ಣು ತಂದರೆ ಮರಿ ಆಗುವುದಿಲ್ಲವೆಂಬ ಲೆಕ್ಕ ತಪ್ಪು.

45 ಲೀಟರಿಗೆ ನಾನು ಹೇಳುವ ಕೂಟ ಇದು: ಆರು ಜೀಬ್ರಾ ಡ್ಯಾನಿಯೊ, ಒಂದು ಗಂಡು ಮತ್ತು ಎರಡು ಹೆಣ್ಣು ಪ್ಲಾಟಿ. ಡ್ಯಾನಿಯೊ ಮೇಲ್ಗಡೆ, ಪ್ಲಾಟಿ ನಡುವಿನಲ್ಲಿ ಓಡಾಡುತ್ತವೆ. ಎರಡೂ ಎರಡು ಇಂಚಿನ ಆಸುಪಾಸಿನ ಮೀನುಗಳಾದ್ದರಿಂದ ಒಂದು ಇನ್ನೊಂದರ ಬಾಯಿಗೆ ಹಿಡಿಸುವುದಿಲ್ಲ. ಡ್ಯಾನಿಯೊ ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು. ಮರಿಗಳ ತಾಪತ್ರಯ ಬೇಡವಾದರೆ ಎಂಟು ಗಂಡು ಗಪ್ಪಿಗಳನ್ನಷ್ಟೇ ಇಡಿ, ಬೇರೇನೂ ಬೇಡ. ತಳ ಶುಚಿ ಮಾಡಲು ಮೀನು ಬೇಕೆಂಬ ಮಾತನ್ನು ಕೇಳಬೇಡಿ. ಆ ಕೆಲಸ ವಾರಕ್ಕೊಮ್ಮೆ ಪೈಪಿನಿಂದ ಹೊಲಸು ಎಳೆದು ಕಾಲು ಭಾಗ ನೀರು ಬದಲಿಸುವ ನಿಮ್ಮದು. ಹತ್ತು ಹನ್ನೆರಡು ಸಣ್ಣ ಮೀನುಗಳ ಮೇಲೆ ಒಂದನ್ನೂ ಸೇರಿಸದಿದ್ದರೆ, ಒಂದೆರಡು ತಾಸು ಕರೆಂಟ್ ಹೋಗಿ ಪಂಪ್ ನಿಂತರೂ ಅವು ಉಸಿರಿಗೆ ಕಷ್ಟಪಡುವುದಿಲ್ಲ.

ಮನೆಗೆ ತಂದ ಮೇಲೆ

ರೆಕ್ಕೆ ಮುದುರಿಕೊಂಡ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿರುವ, ಮೇಲೆ ಬಂದು ಬಾಯಿ ತೆರೆಯುವ ಮೀನು ಒಂದಿದ್ದರೂ ಆ ತೊಟ್ಟಿಯಿಂದ ಏನನ್ನೂ ಕೊಳ್ಳಬೇಡಿ. ಬೆಂಗಳೂರಿನ ಅಂಗಡಿಯಿಂದ ತರುವವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಕಾವೇರಿಯ ಮೆದು ನೀರಿನಲ್ಲಿದ್ದ ಮೀನು ನೇರವಾಗಿ ನಮ್ಮ ಬೋರ್‌ವೆಲ್ ನೀರಿಗೆ ಬಿದ್ದರೆ ತಾಳಲಾರದು. ಕವರನ್ನು ಕಟ್ಟಿದಂತೆಯೇ ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಬಳಿಕ ಬಾಯಿ ಬಿಚ್ಚಿ, ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟದಂತೆ ತೊಟ್ಟಿಯ ನೀರನ್ನು ಒಂದು ತಾಸು ಸೇರಿಸುತ್ತಾ ಹೋಗಿ. ಆಮೇಲೆ ಮೀನನ್ನು ಬಲೆಯಿಂದ ಎತ್ತಿ ಬಿಡಿ. ಕವರಿನ ನೀರು ತೊಟ್ಟಿಗೆ ಬೀಳಬಾರದು. ಅಂದು ದೀಪ ಹಾಕಬೇಡಿ, ಆಹಾರವೂ ಬೇಡ.

ಮೊದಲು ಡ್ಯಾನಿಯೊಗಳನ್ನು ತನ್ನಿ, ಮೂರು ವಾರ ಬಿಟ್ಟು ಪ್ಲಾಟಿ ತನ್ನಿ. ಹೊಸಬರು ಬಂದ ದಿನ ಜಲ್ಲಿಯ ಮೇಲಿನ ಕಲ್ಲು, ಗಿಡಗಳ ಜಾಗ ಬದಲಿಸಿದರೆ ಹಳಬರಿಗೂ ಅದು ಹೊಸ ಜಾಗದಂತಾಗಿ ಜಗಳ ಕಡಿಮೆಯಾಗುತ್ತದೆ. ಒಂದೇ ಮೀನು ದಿನವೂ ಮೂಲೆಯಲ್ಲಿ ನಿಂತಿದ್ದರೆ, ಆಹಾರ ಹಾಕಿದಾಗ ಮುಂದೆ ಬರದಿದ್ದರೆ, ಅದನ್ನು ಕಾಡುವ ಮೀನನ್ನು ಗುರುತಿಸಿ ಅದನ್ನೇ ಬೇರೆ ಮಾಡಿ.

ಪ್ಲಾಟಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹೆಚ್ಚಾದ ಮರಿಗಳನ್ನು ತೊಟ್ಟಿ ಇರುವ ಪರಿಚಯದವರಿಗೆ ಕೊಡಿ, ಅಥವಾ ಅಂಗಡಿಗೆ ಹಿಂದಿರುಗಿಸಿ. ಕೆರೆಗೆ ಮಾತ್ರ ಬಿಡಬೇಡಿ. 2018ರಿಂದ ಕೆ.ಸಿ. ವ್ಯಾಲಿಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿಯುತ್ತಿರುವ ಕೋಲಾರದ ಕೆರೆಗಳಲ್ಲಿ ಹಲವು ಈಗ ಬೇಸಿಗೆಯಲ್ಲೂ ನೀರು ಉಳಿಸಿಕೊಳ್ಳುತ್ತಿವೆ. ಅಲ್ಲಿಗೆ ಬಿಟ್ಟ ಸಕ್ಕರ್ ಸಾಯದೆ ಬೆಳೆದು, ನೆರೆಯ ಆಂಧ್ರದಲ್ಲಿ ಆಗಿರುವಂತೆ, ಮೀನುಗಾರರ ಬಲೆಗಳಿಗೆ ಸಿಕ್ಕಿ ಅವುಗಳನ್ನು ಹರಿಯುತ್ತದೆ. ನಮ್ಮ ಬೀದಿಯ ಆ ಮನೆಯ ಸಕ್ಕರನ್ನು ಐದು ಅಡಿಯ ತೊಟ್ಟಿಯಿರುವ ಪರಿಚಯದವರೊಬ್ಬರ ಮನೆಗೆ ಮುಚ್ಚಳದ ಬಕೆಟ್‌ನಲ್ಲಿ ಸಾಗಿಸಿದೆವು. ಖಾಲಿಯಾದ ತೊಟ್ಟಿಯಲ್ಲಿ ಈಗ ಆರು ಗಂಡು ಗಪ್ಪಿಗಳಿವೆ.