ವರ್ಟ್ ತಣಿಯಲಿ, ಆಮೇಲೆ ಗಾಳಿ: ಕರಾವಳಿಯ ಸೆಕೆಯಲ್ಲಿ ಬಿಯರ್ ಯೀಸ್ಟ್

ಒಂದು ಗಂಟೆ ಕುದಿದ ವರ್ಟ್‌ನಲ್ಲಿ (ಬಿಯರ್ ಆಗಲಿರುವ ಮಾಲ್ಟಿನ ಸಿಹಿ ರಸ) ಆಮ್ಲಜನಕ ಹೆಚ್ಚುಕಡಿಮೆ ಉಳಿದಿರುವುದೇ ಇಲ್ಲ. ಯೀಸ್ಟಿಗೆ ಮೊದಲ ಕೆಲವು ಗಂಟೆ ಅದು ಬೇಕು. ಕೋಶದ ಪೊರೆ ಕಟ್ಟಿಕೊಳ್ಳುವ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಾಗುವುದು ಅದರಿಂದಲೇ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗುತ್ತ ಹೋದ ಹಾಗೆ ಈ ದಾಸ್ತಾನು ಪಾಲಾಗುತ್ತದೆ. ಮೊದಲೇ ಕಡಿಮೆಯಿದ್ದರೆ ಕೊನೆಯ ಪೀಳಿಗೆಯ ಪೊರೆ ಬಡಕಲಾಗಿ, ಆಲ್ಕೋಹಾಲ್ ತಾಳಲಾರದೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸಕ್ಕರೆ ಕರಗಿದ ಹಾಗೆ ಇಳಿಯುವ ಸಾಂದ್ರತೆಯ ಅಳತೆ (ನೀರಿಗೆ 1.000) 1.048ರಿಂದ 1.012ಕ್ಕೆ ಇಳಿಯಬೇಕಾದ ಬಿಯರ್ 1.020ರಲ್ಲೇ ಕೂತಿದ್ದರೆ ಈ ಕಡೆಗೂ ಒಮ್ಮೆ ನೋಡಿ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು: 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಇಲ್ಲಿರುವುದು ಅನುಮತಿಯಿರುವ ಕಡೆ ಮಾಡುವ 20 ಲೀಟರಿನ ಸಣ್ಣ ಬ್ಯಾಚಿನ ಲೆಕ್ಕ.

ಮಂಗಳೂರು, ಉಡುಪಿಯಲ್ಲಿ ಗಾಳಿಗಿಂತ ದೊಡ್ಡ ತಲೆನೋವು ತಣಿಸುವುದು. ಏಪ್ರಿಲ್ ಮಧ್ಯಾಹ್ನ ಟೆರೇಸಿನ ಟ್ಯಾಂಕಿ ನೀರು ಸ್ನಾನಕ್ಕೇ ಬಿಸಿಯಿರುತ್ತದೆ. ಆ ನೀರನ್ನು ವರ್ಟಿನಲ್ಲಿ ಮುಳುಗಿಸಿದ ತಾಮ್ರದ ಕಾಯಿಲಿನಲ್ಲಿ ಎಷ್ಟು ಹೊತ್ತು ಹರಿಸಿದರೂ ವರ್ಟ್ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಎರಡು ಹಂತ ಮಾಡಿಕೊಳ್ಳಿ. ನಲ್ಲಿ ಅಥವಾ ಬಾವಿ ನೀರಿನಲ್ಲಿ 40 ಡಿಗ್ರಿವರೆಗೆ ಇಳಿಸಿ. ನಂತರ ಬಕೆಟಿನಲ್ಲಿ ಐಸ್ ನೀರು ತುಂಬಿ, ಕೂಲರಿನ ಸಣ್ಣ ಪಂಪಿನಿಂದ ಅದನ್ನೇ ಕಾಯಿಲಿನಲ್ಲಿ ಸುತ್ತಿಸಿ 18–20ಕ್ಕೆ ತನ್ನಿ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೋಟಿಗೆ ಹಾಕುವ ಐಸ್ ಬ್ಲಾಕ್ ಇದಕ್ಕೆ ಸಾಕು. ಆದರೆ ಆ ಐಸ್ ಬಕೆಟಿನಲ್ಲೇ ಇರಲಿ, ಒಂದು ಚೂರೂ ವರ್ಟಿಗೆ ಬೀಳಬಾರದು.

ಬಿಸಿಯಿರುವಾಗಲೇ ಗಾಳಿ ಊದಿದರೆ ಎರಡು ನಷ್ಟ. ಬಿಸಿ ದ್ರವದಲ್ಲಿ ಆಮ್ಲಜನಕ ಕರಗುವುದೇ ಕಡಿಮೆ: ಬರೀ ನೀರಿನಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 30ಕ್ಕೆ 7.5. ಸಕ್ಕರೆ ಇರುವುದರಿಂದ ವರ್ಟ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕರಗಿದ್ದೂ ಯೀಸ್ಟಿಗೆ ಸಿಗುವ ಮೊದಲೇ ವರ್ಟನ್ನು ಕೆಡಿಸುತ್ತದೆ.

ಏಲ್‌ಗೆ (ಬೆಚ್ಚಗೆ ಹುದುಗುವ ಬಗೆಯ ಬಿಯರ್) ಬೇಕಾದದ್ದು ಲೀಟರಿಗೆ 8–10 ಮಿಲಿಗ್ರಾಂ ಆಮ್ಲಜನಕ. ಹುದುಗಿಸುವ ಡ್ರಮ್ಮಿನ ಮುಚ್ಚಳ ಬಿಗಿದು ಐದು ನಿಮಿಷ ಜೋರಾಗಿ ಕುಲುಕಿದರೆ ಈ ಅಳತೆಯ ಹತ್ತಿರ ಹೋಗಬಹುದು, ಸೊಂಟಕ್ಕೆ ಮಾತ್ರ ಒಳ್ಳೆಯದಲ್ಲ. ಸುಲಭದ ದಾರಿ ಅಕ್ವೇರಿಯಂ ಪಂಪು, 0.2 ಮೈಕ್ರಾನ್ ಫಿಲ್ಟರ್, ಕೊನೆಯಲ್ಲಿ ಸಣ್ಣ ಗುಳ್ಳೆ ಬಿಡುವ ಸ್ಟೀಲಿನ ಗಾಳಿಕಲ್ಲು. 20–30 ನಿಮಿಷ ಬೇಕು. ಬುರುಗು ಉಕ್ಕಿ ಬರುತ್ತದೆ. ಐದು ನಿಮಿಷ ಹಾಕಿ, ಐದು ನಿಮಿಷ ನಿಲ್ಲಿಸಿ. ಕಲ್ಲನ್ನು ಮೊದಲು 15 ನಿಮಿಷ ನೀರಿನಲ್ಲಿ ಕುದಿಸಿ, ಆಮೇಲೆ ಬೆರಳು ತಾಗಿಸಬೇಡಿ, ಚರ್ಮದ ಎಣ್ಣೆ ರಂಧ್ರ ಕಟ್ಟುತ್ತದೆ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಪಂಪು ನೆಲದ ಮೇಲೆ, ಡ್ರಮ್ ಮೇಜಿನ ಮೇಲೆ. ಆಗಲೇ ಕರೆಂಟ್ ಹೋಯಿತು. ವರ್ಟ್ ಪೈಪಿನಲ್ಲಿ ಹಿಂದಕ್ಕೆ ಹರಿದು ಫಿಲ್ಟರ್ ಒದ್ದೆಯಾಗುತ್ತದೆ, ಪಂಪೂ ಹಾಳು. ಪಂಪನ್ನು ಡ್ರಮ್ಮಿಗಿಂತ ಎತ್ತರದಲ್ಲಿಡಿ, ನಡುವೆ ಅಕ್ವೇರಿಯಂ ಅಂಗಡಿಯ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕಿ. ಒಮ್ಮೆ ಒದ್ದೆಯಾದ ಫಿಲ್ಟರ್ ಮಳೆಗಾಲದಲ್ಲಿ ಒಣಗುವುದಿಲ್ಲ, ಎಸೆಯಿರಿ. ಸಿಲಿಂಡರಿನ ಶುದ್ಧ ಆಮ್ಲಜನಕವಾದರೆ 0.5 ಮೈಕ್ರಾನ್ ಕಲ್ಲಿನಲ್ಲಿ ನಿಮಿಷಕ್ಕೆ ಒಂದು ಲೀಟರಿನಂತೆ ಒಂದೇ ನಿಮಿಷ. ರೆಗ್ಯುಲೇಟರಿಗೆ ಎಣ್ಣೆ ತಾಗಬಾರದು, ಹತ್ತಿರ ಬೆಂಕಿ ಇರಬಾರದು.

ಹುದುಗು ಶುರುವಾದ ಮೇಲೆ ಗಾಳಿ ಸೇರಿಸಬೇಡಿ; ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. 1.065 ದಾಟಿದ ಗಟ್ಟಿ ವರ್ಟಿಗೆ ಮಾತ್ರ ಯೀಸ್ಟ್ ಹಾಕಿ ಸುಮಾರು 12 ಗಂಟೆಯ ಹೊತ್ತಿಗೆ ಇನ್ನೊಂದು ಸಲ ಕೊಡಬಹುದು.

ಒಣ ಯೀಸ್ಟಿನ ಕಥೆ ಬೇರೆ. ಕಾರ್ಖಾನೆಯಲ್ಲೇ ಅದಕ್ಕೆ ಸ್ಟೆರಾಲಿನ ಬುತ್ತಿ ಕಟ್ಟಿ ಕೊಟ್ಟಿರುತ್ತಾರೆ, ಮೊದಲ ಸಲಕ್ಕೆ ಗಾಳಿ ಕಡಿಮೆಯಾದರೂ ನಡೆಯುತ್ತದೆ. 1.048ರ 20 ಲೀಟರಿಗೆ 11.5 ಗ್ರಾಂ ಪ್ಯಾಕೆಟ್ ಒಂದು. ನೆನೆಸುವುದಾದರೆ ಹತ್ತು ಪಟ್ಟು, ಅಂದರೆ 115 ಮಿಲಿಲೀಟರ್, ಕುದಿಸಿ 30–35 ಡಿಗ್ರಿಗೆ ತಣಿಸಿದ ನೀರಿನಲ್ಲಿ 15 ನಿಮಿಷ. ಆರ್‌ಒ ನೀರು ಬೇಡ, ಖನಿಜವಿಲ್ಲದ ನೀರಿನಲ್ಲಿ ಕೋಶಗಳು ಒಡೆಯುತ್ತವೆ. ಬಿಚ್ಚಿದ ಪ್ಯಾಕೆಟನ್ನು ನಮ್ಮ ಹವೆಯಲ್ಲಿ ಹೊರಗಿಟ್ಟರೆ ತೇವ ಹೀರಿ ಸಾಯುತ್ತದೆ.

ಇನ್ನೊಂದು, ಸನ್ನಕ್ಕೆ ಕಳ್ಳು ಹಾಕಿದ ಹಿಟ್ಟೋ ಇಡ್ಲಿ ಹಿಟ್ಟೋ ಉಬ್ಬುತ್ತಿರುವ ಅಡುಗೆಮನೆಯಲ್ಲಿ ಅಂದು ಡ್ರಮ್ ತೆರೆಯಬೇಡಿ. ಅದರ ಬ್ಯಾಕ್ಟೀರಿಯಾಗೆ ವರ್ಟ್ ಎಂದರೆ ಹಬ್ಬದೂಟ, ಬಿಯರ್ ಹುಳಿಯಾಗುತ್ತದೆ.

ಹುದುಗು ಜೋರಾದಾಗ ಡ್ರಮ್ಮಿನ ಒಳಗೆ ಕೋಣೆಗಿಂತ 3–5 ಡಿಗ್ರಿ ಹೆಚ್ಚಿರಬಹುದು. ಹಳೆ ಫ್ರಿಜ್ಜಿಗೆ ಟೆಂಪರೇಚರ್ ಕಂಟ್ರೋಲರ್ ಜೋಡಿಸಿ, ಅದರ ಪ್ರೋಬನ್ನು ಡ್ರಮ್ಮಿನ ಮೈಗೆ ಅಂಟಿಸಿ, ಮೇಲೆ ಥರ್ಮಾಕೋಲ್ ತುಂಡು ಕಟ್ಟಿ. ಫ್ರಿಜ್ಜಿಗೆ ಜಾಗವಿಲ್ಲವೇ, ನಾರ್ವೆಯ ವಾಸ್ ಕ್ವೈಕ್ ಯೀಸ್ಟ್ ತನ್ನಿ. 35 ಡಿಗ್ರಿಯಲ್ಲೂ ಶುಚಿಯಾಗಿ ಕೆಲಸ ಮಾಡುತ್ತದೆ, ಈ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದಕ್ಕೆ ಪೋಷಕಾಂಶ ಹೆಚ್ಚು ಬೇಕು: ಕುದಿಯ ಕೊನೆಯ ಹತ್ತು ನಿಮಿಷದಲ್ಲಿ 5 ಗ್ರಾಂ ಬೇಕರಿ ಯೀಸ್ಟ್ ಹಾಕಿ. ಅದು ಸತ್ತು ಮತ್ತೊಂದಕ್ಕೆ ಆಹಾರವಾಗುತ್ತದೆ.

ಡ್ರಮ್ಮಿನ ತಳದಲ್ಲಿ ಕೂತ ಯೀಸ್ಟಿನ ಗಸಿಯನ್ನು ಮುಂದಿನ ಬ್ಯಾಚಿಗೆ ಎತ್ತಿಟ್ಟರೆ ಫ್ರಿಜ್ಜಿನಲ್ಲಿ ಮುಚ್ಚಳ ಸಡಿಲವಾಗಿರಲಿ, ಎರಡು ವಾರದೊಳಗೆ ಬಳಸಿ. ಇದರಲ್ಲಿ ಬುತ್ತಿ ಖಾಲಿ, ಗಾಳಿ ಪೂರ್ತಿ ಕೊಡಲೇಬೇಕು. ಸಂಶಯವಿದ್ದರೆ ಒಂದು ಹನಿಗೆ ತೆಳು ಮೆಥಿಲೀನ್ ಬ್ಲೂ ಸೇರಿಸಿ 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿ: ಸತ್ತ ಕೋಶ ನೀಲಿ, ಬದುಕಿದ್ದು ಬಣ್ಣವಿಲ್ಲದ್ದು. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ನೀಲಿ ಕಂಡರೆ ಗಸಿ ಚೆಲ್ಲಿ ಹೊಸ ಪ್ಯಾಕೆಟ್ ಬಿಚ್ಚಿ.